ಮತ್ತೆ ಕೇಳಿದ ವಿದ್ಯಾರ್ಥಿ: ಡಾ. ಬಿ.ಆರ್. ಅಂಬೇಡ್ಕರ್

ಕಳೆದ ತಿಂಗಳು ನನ್ನ ಅಣ್ಣನಿಗೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಆದರೆ ಅವರು ಕೊಡುತ್ತೇವೆಂದ ವಿದ್ಯಾರ್ಥಿವೇತನ ಫೀಸಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಇನ್ನಷ್ಟು ಕೊಡಿ ಎಂದು ಬರೆ ಅಂದರೆ ಅಣ್ಣ ಒಪ್ಪಲಿಲ್ಲ. ಮತ್ತೆ ಕೇಳಿದರೆ ಸಿಕ್ಕ ಸೀಟೂ ಹೋದೀತೆಂಬ ಹೆದರಿಕೆ ಅವನಿಗೆ. ಅಬ್ಬಾ ಕೂಡ ಸುಮ್ಮನಾದರು.

ಅದೇ ವಾರ ನಾನು ನಮ್ಮ ಕಾಲೇಜಿನ ಗ್ರಂಥಾಲಯದಿಂದ ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನಚರಿತ್ರೆ ತಂದು ಓದುತ್ತಿದ್ದೆ. ಸಂವಿಧಾನದ ಅಂಬೇಡ್ಕರ್ ನಮಗೆಲ್ಲ ಗೊತ್ತು. ಓದಿನ ಖರ್ಚಿಗಾಗಿ ಮತ್ತೆ ಮತ್ತೆ ಅರ್ಜಿ ಹಾಕಿದ ಅಂಬೇಡ್ಕರ್ ನನಗೆ ಹೊಸಬರು. ಅವರ ಬದುಕಿನ ಆ ಭಾಗವನ್ನು ನಿಮಗೂ ಹೇಳಬೇಕೆನಿಸಿತು.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ಎಂಬಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದರು. ಅಸ್ಪೃಶ್ಯರೆಂದು ಶಾಲೆಯಲ್ಲಿ ಬೇರೆ ಕೂರಿಸುತ್ತಿದ್ದರು. ಹಾಗಿದ್ದೂ ಬಾಲಕ 1907ರಲ್ಲಿ ಮುಂಬೈಯಲ್ಲಿ ಮೆಟ್ರಿಕ್ಯುಲೇಶನ್ ಪಾಸಾದ. ಮುಂದೆ ಕಾಲೇಜಿಗೆ ಹಣವಿರಲಿಲ್ಲ. ಶಿಕ್ಷಕರಾಗಿದ್ದ ಕೆಳುಸ್ಕರ್ ಅವರು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿ ಮಾತಾಡಿ, ತಿಂಗಳಿಗೆ 25 ರೂಪಾಯಿ ನೆರವು ಕೊಡಿಸಿದರು. ಹಾಗೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಮುಗಿಸಿದರು.

1913ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಬರೋಡ ಸಂಸ್ಥಾನ ಅವರನ್ನು ಆರಿಸಿತು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ನ್ಯೂಯಾರ್ಕ್‌ನಲ್ಲಿ ಹೊಟ್ಟೆಬಟ್ಟೆ ಕಟ್ಟಿ, ಆ ಹಣದಲ್ಲೇ ಒಂದಿಷ್ಟು ಉಳಿಸಿ ಮನೆಗೂ ಕಳುಹಿಸುತ್ತಿದ್ದರು. 1915ರಲ್ಲಿ ಎಂ.ಎ. ಆಯಿತು.

1916ರಲ್ಲಿ ಮೂರು ವರ್ಷ ಮುಗಿಯಿತು. ಅವರಿಗೆ ಲಂಡನ್‌ನಲ್ಲಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಓದುವ ಆಸೆ. ನೆರವಿನ ಅವಧಿಯನ್ನು ವಿಸ್ತರಿಸಬೇಕೆಂದು ಬರೋಡಕ್ಕೆ ಬರೆದುಕೊಂಡರು. ಕೈಯಲ್ಲಿ ಮುಗಿಸಿದ ಪದವಿ ಇತ್ತು, ಮುಂದಿನ ಓದಿನ ಯೋಜನೆ ಸ್ಪಷ್ಟವಾಗಿತ್ತು. ಒಪ್ಪಿಗೆ ಸಿಕ್ಕಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡನ್ನೂ ಸೇರಿದರು.

ಆದರೆ ಕೇಳಿದಷ್ಟೂ ಸಿಗಲಿಲ್ಲ. 1917ರಲ್ಲಿ ಹಣ ನಿಂತಿತು, ಓದು ಅರ್ಧಕ್ಕೇ ಉಳಿಯಿತು. ಆಗ ಅವರು ವಿಶ್ವವಿದ್ಯಾಲಯದಿಂದ ಇನ್ನೊಂದನ್ನು ಪಡೆದರು: ನಾಲ್ಕು ವರ್ಷದೊಳಗೆ ಹಿಂತಿರುಗಿ ಓದು ಮುಂದುವರಿಸಲು ಅನುಮತಿ. ಹಣ ಸಿಗದಿದ್ದಾಗ ಕಾಲಾವಕಾಶ ಕೇಳಿದರು. ಈ ಸಾಲನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ.

ಒಪ್ಪಂದದಂತೆ ಬರೋಡಕ್ಕೆ ಹೋದರೆ ಅಲ್ಲಿ ಜಾತಿಯ ಕಾರಣಕ್ಕೆ ಬಾಡಿಗೆ ಮನೆಯೂ ಸಿಗಲಿಲ್ಲ. ಇಳಿದುಕೊಂಡಿದ್ದ ಛತ್ರದಿಂದಲೂ ಹೊರಹಾಕಿದರು. ಮುಂಬೈಗೆ ಬಂದು 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. ಮೂರೂ ಕಡೆಯ ಹಣ ಸೇರಿಸಿಕೊಂಡು 1920ರಲ್ಲಿ, ಗಡುವು ಮೀರುವ ಮೊದಲೇ, ಮತ್ತೆ ಲಂಡನ್ ತಲುಪಿದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಡಿ.ಎಸ್ಸಿ. ಬಂತು. ಬ್ಯಾರಿಸ್ಟರ್ ಕೂಡ ಆದರು.

1942ರಲ್ಲಿ ವೈಸ್‌ರಾಯ್ ಮಂಡಳಿಯ ಸದಸ್ಯರಾದಾಗ ಅವರು ಮತ್ತೆ ಕೇಳಿದರು. ಈ ಸಲ ತಮಗಾಗಿ ಅಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಸರ್ಕಾರದಿಂದ ಹಣ ಮಂಜೂರು ಮಾಡಿಸಿದರು. 1946ರಲ್ಲಿ ಮುಂಬೈಯ ಸಿದ್ಧಾರ್ಥ ಕಾಲೇಜು ಅವರ ಶಿಕ್ಷಣ ಸಂಸ್ಥೆಯಿಂದಲೇ ಶುರುವಾಯಿತು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ನಾನು ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಆ ರಾತ್ರಿ ಇಬ್ಬರೂ ಕುಳಿತು ಪತ್ರ ಬರೆದೆವು. ಮೊದಲು ಸೀಟು ಕೊಟ್ಟದ್ದಕ್ಕೆ ಕೃತಜ್ಞತೆ. ನಂತರ ಅವನ ಅಂಕಗಳು, ಒಟ್ಟು ಖರ್ಚು, ಮನೆಯಿಂದ ಕೊಡಲು ಆಗುವುದೆಷ್ಟು, ಕಡಿಮೆ ಬೀಳುವುದೆಷ್ಟು ಎಂಬ ಲೆಕ್ಕ. ಹೆಚ್ಚಿಗೆ ಕೊಡಲಾಗದಿದ್ದರೆ ಫೀಸನ್ನು ಕಂತಿನಲ್ಲಿ ಕಟ್ಟಲು, ಅದೂ ಆಗದಿದ್ದರೆ ಸೀಟನ್ನು ಒಂದು ವರ್ಷ ಕಾಯ್ದಿಡಲು ಸಾಧ್ಯವೇ ಎಂದು ಕೊನೆಗೆ ಕೇಳಿದೆವು. ಅಬ್ಬಾ ಎರಡು ಸಲ ಓದಿ, ಒಂದು ತಪ್ಪು ತಿದ್ದಿ, ಕಳುಹಿಸು ಅಂದರು.

ಉತ್ತರ ಇನ್ನೂ ಬಂದಿಲ್ಲ. ಸೀಟಂತೂ ಹೋಗಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಮುಂದಿನ ವರ್ಷ ಇದೇ ಸ್ಥಿತಿಯಲ್ಲಿರುತ್ತೇವೆ. ಸಿಕ್ಕಿದ್ದು ಸಾಲದಾದಾಗ ಸೀಟು ಬಿಡುವ ಮೊದಲು ಒಂದು ಪತ್ರ ಬರೆಯಿರಿ. ಬರೆಯಲು ಬರದಿದ್ದರೆ ನಮ್ಮ ಉಪನ್ಯಾಸಕರನ್ನು ಕೇಳಿ. ನಮ್ಮ ಪತ್ರದ ಒಂದು ಪ್ರತಿ ನನ್ನ ಬಳಿ ಇದೆ, ಬೇಕಾದವರಿಗೆ ಕೊಡುತ್ತೇನೆ.