ಕರ್ಮವೀರದ ದಿವಾಕರರು

ನನ್ನ ಊರು ಗೊಟಗೋಡಿ. ನಮ್ಮ ಕಡೆಯ ಹಿರಿಯರಿಗೆ ಸಂಯುಕ್ತ ಕರ್ನಾಟಕವೆಂದರೆ ಮೊದಲು ಹುಬ್ಬಳ್ಳಿಯ ಪೇಪರು, ನಾಡು ಆಮೇಲೆ. ಚಿಕ್ಕಂದಿನಲ್ಲಿ ನಾನೂ ಅದನ್ನು ಅಂಗಡಿಯ ಹೆಸರಿನಂತೆ ಒಂದು ಹೆಸರೆಂದೇ ತಿಳಿದಿದ್ದೆ. ಪತ್ರಿಕೆ ಹುಟ್ಟಿದಾಗ ಅಂಥ ನಾಡು ಯಾವ ನಕಾಶೆಯಲ್ಲಿಯೂ ಇರಲಿಲ್ಲವೆಂಬುದು ಕಾಲೇಜಿಗೆ ಬಂದ ಮೇಲೆ ನನಗೆ ತಿಳಿಯಿತು.

ಆಗಿನ ನಮ್ಮ ಸೀಮೆಯನ್ನು ನೆನೆಸಿಕೊಳ್ಳಿರಿ. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರುಗಳು ಮುಂಬಯಿ ಇಲಾಖೆಯವು. ಮಗ್ಗುಲಿನ ಸವಣೂರು ನವಾಬರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು. ತುಂಗಭದ್ರೆಯನ್ನು ದಾಟಿದರೆ ಮೈಸೂರು. ರೈತನೊಬ್ಬ ಸಂತೆಗೆ ಹೋಗಿ ಬರುವಷ್ಟರಲ್ಲಿ ಎರಡು ಸರಕಾರಗಳನ್ನು ಕಂಡುಬರುತ್ತಿದ್ದ. ಆಡುವ ಮಾತು ಮಾತ್ರ ಒಂದೇ. ಇಂಥ ತುಂಡು ತುಂಡಾದ ನೆಲದಲ್ಲಿ, ಒಂದುಗೂಡಿದ ಕರ್ನಾಟಕವೆಂದು ಪತ್ರಿಕೆಯ ತಲೆಯ ಮೇಲೆಯೇ ಅಚ್ಚು ಹಾಕಿಸಿದವರಲ್ಲಿ ಶ್ರೀ ರಂಗನಾಥ ರಾಮಚಂದ್ರ ದಿವಾಕರರು ಪ್ರಮುಖರು.

ಅವರು ಹುಟ್ಟಿದ್ದು ೧೮೯೪ರ ಸೆಪ್ಟೆಂಬರ ೩೦ರಂದು, ಧಾರವಾಡದಲ್ಲಿ. ಇಂಗ್ಲಿಷಿನಲ್ಲಿ ಎಂ. ಎ. ಮಾಡಿದರು, ಕಾಯದೆಯನ್ನೂ ಓದಿದರು, ಕೆಲಕಾಲ ಪಾಠವನ್ನೂ ಹೇಳಿದರು. ಆ ಕಾಲದಲ್ಲಿ ಅಷ್ಟು ಓದಿದವನಿಗೆ ಸರಕಾರದ ಬಾಗಿಲು ತಾನಾಗಿಯೇ ತೆರೆಯುತ್ತಿತ್ತು. ದಿವಾಕರರು ಆ ಕಡೆಗೆ ಹೋಗಲಿಲ್ಲ. ಅಸಹಕಾರದ ಗಾಳಿ ಬೀಸುತ್ತಿದ್ದ ೧೯೨೧ರಲ್ಲಿ ಧಾರವಾಡದಲ್ಲಿ 'ಕರ್ಮವೀರ' ವಾರಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಜುಲೈ ೧ರಂದು ಧಾರವಾಡದ ಸೆರೆಯಂಗಡಿಯ ಮುಂದೆ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿ ಮೂವರು ಸತ್ತರು. ಅಂಥ ದಿನಗಳಲ್ಲಿ ಕನ್ನಡದಲ್ಲಿ ನೇರವಾಗಿ ಬರೆಯುವುದೆಂದರೆ ಸೆರೆಮನೆಗೆ ಸ್ವತಃ ಅರ್ಜಿ ಹಾಕಿಕೊಂಡಂತೆ. ರಾಜದ್ರೋಹದ ಆರೋಪ ಬಂದಿತು, ಶಿಕ್ಷೆಯೂ ಆಯಿತು. ಮುಂದೆಯೂ ಹಲವು ಸಲ ಅವರು ಸೆರೆ ಕಂಡರು. 'ಸೆರೆಯ ಮರೆಯಲ್ಲಿ' ಎಂಬ ಅವರ ಪುಸ್ತಕ ಆ ಬಾಳಿನ ಫಲ. ವಚನಕಾರರನ್ನು ಕುರಿತು 'ವಚನಶಾಸ್ತ್ರ ರಹಸ್ಯ'ವನ್ನೂ, ದಾಸರನ್ನು ಕುರಿತು 'ಹರಿಭಕ್ತಿಸುಧೆ'ಯನ್ನೂ ಬರೆದರು. ೧೯೩೮ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಬೆಳಗಾವಿಯಲ್ಲಿ ೧೯೨೯ರಲ್ಲಿ 'ಸಂಯುಕ್ತ ಕರ್ನಾಟಕ' ಹುಟ್ಟಿತು. ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ನಡೆದಾಡುವ ಊರಿನಲ್ಲಿ ಆ ಹೆಸರನ್ನು ಇಡುವುದಕ್ಕೆ ಎದೆಗಾರಿಕೆ ಬೇಕಾಗಿತ್ತು. ಪತ್ರಿಕೆ ಆಮೇಲೆ ಹುಬ್ಬಳ್ಳಿಗೆ ಬಂದಿತು. ಅದನ್ನು ಮನೆಯ ಆಸ್ತಿಯಾಗಿ ಇಟ್ಟುಕೊಳ್ಳದೆ ಲೋಕಶಿಕ್ಷಣ ಟ್ರಸ್ಟಿಗೆ ಒಪ್ಪಿಸಿದ್ದು ನನಗೆ ಅವರ ಎಲ್ಲ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಮೊಹರೆ ಹಣಮಂತರಾಯರ ಲೇಖನಿಯ ದುಡಿಮೆಯನ್ನು ಮರೆಯುವಂತಿಲ್ಲ. ಸರಕಾರ ಆಗ ಪತ್ರಿಕೆಗಳಿಂದ ಠೇವಣಿ ಕೇಳುತ್ತಿತ್ತು; ಬರೆದದ್ದು ಸೇರದಿದ್ದರೆ ಅದನ್ನು ನುಂಗಿ ಮತ್ತೆ ಹೆಚ್ಚಿಗೆ ಕೇಳುತ್ತಿತ್ತು. ಸಣ್ಣ ಪತ್ರಿಕೆಯ ಕತ್ತು ಹಿಸುಕಲು ಹಗ್ಗ ಬೇಕಾಗಿರಲಿಲ್ಲ, ಒಂದು ನೋಟೀಸು ಸಾಕಾಗಿತ್ತು.

ಅದೇ ಕಾಲದಲ್ಲಿ ಅವರು ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನ ಮುಂದಾಳು. ಅಂಕೋಲೆ, ಸಿದ್ದಾಪುರಗಳ ಜೊತೆಗೆ ನಮ್ಮ ಹಿರೇಕೆರೂರು ತಾಲೂಕಿನ ರೈತರೂ ಕರ ಕೊಡೆವೆಂದು ಕುಳಿತರು. ಹೊಲಗಳು ಜಪ್ತಾದವು. ನಾಯಕರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಹೊಲ ಕಳೆದುಕೊಂಡವನದು ಊರಲ್ಲಿಯೂ ಉಳಿಯುವುದಿಲ್ಲ.

೧೯೪೨ರಲ್ಲಿ ದಿವಾಕರರು ಭೂಗತರಾದರು. ಎರಡು ವರ್ಷ ಪೋಲೀಸರ ಕೈಗೆ ಸಿಗದೆ ಚಳವಳಿಯನ್ನು ನಡೆಸಿದರು. ಈ ನಡುವೆ, ೧೯೪೩ರ ಏಪ್ರಿಲ್ ೧ರಂದು, ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರೂ ಇಬ್ಬರು ಸಂಗಡಿಗರೂ ಗುಂಡಿಗೆ ಬಲಿಯಾದರು. ೧೯೪೪ರಲ್ಲಿ ಬಿಡುಗಡೆಯಾದ ಗಾಂಧೀಜಿ, ಗುಟ್ಟು ಸತ್ಯಾಗ್ರಹಕ್ಕೆ ಸಲ್ಲದೆಂದು ಭೂಗತರಿಗೆ ಹೊರಬರಲು ಸಲಹೆ ಕೊಟ್ಟರು. ದಿವಾಕರರು ಹೊರಬಂದು ಸರಕಾರಕ್ಕೆ ಒಪ್ಪಿಸಿಕೊಂಡರು. ಈ ಮಾತು ಬಂದಾಗಲೆಲ್ಲ ವಸತಿಗೃಹದ ನನ್ನ ಗೆಳೆಯರು ಎರಡು ಪಂಗಡವಾಗುತ್ತಾರೆ. ಹೊಸರಿತ್ತಿಯ ನೆತ್ತರು ಆರುವ ಮುಂಚೆ ಶರಣಾಗುವುದು ಸರಿಯೇ ಎಂದು ಒಂದು ಪಂಗಡ. ನಾನು ಇನ್ನೊಂದರಲ್ಲಿದ್ದೇನೆ. ಅಡಗಿರುವುದು ರೂಢಿಯಾದವನಿಗೆ ಬಯಲಿಗೆ ಬಂದು ನಿಲ್ಲುವುದೇ ಕಠಿಣ.

ನನ್ನನ್ನು ನಿಜವಾಗಿ ಕಾಡುವುದು ಬೇರೆ ಸಂಗತಿ. ಸ್ವತಂತ್ರ ಭಾರತದಲ್ಲಿ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾದರು. ಅವರು ಆ ಸರಕಾರದಲ್ಲಿದ್ದಾಗಲೇ, ೧೯೫೧ರಲ್ಲಿ, ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದು ವಾಕ್ ಸ್ವಾತಂತ್ರ್ಯಕ್ಕೆ ಹೊಸ ಬೇಲಿಗಳು ಬಿದ್ದವು. ಬರೆದದ್ದಕ್ಕಾಗಿ ಸೆರೆ ಕಂಡ ಸಂಪಾದಕರು ಆ ಬೇಲಿಯ ಈಚೆಗೆ ಕುಳಿತಿದ್ದರು. ಅದನ್ನು ತಂದವರು ಅವರಲ್ಲ, ನಿಜ. ಆದರೂ ೧೯೨೧ರ ಕರ್ಮವೀರ ಇದಕ್ಕೆ ಏನು ಬರೆಯುತ್ತಿತ್ತೆಂದು ಕೇಳದಿರಲು ನನ್ನಿಂದಾಗುವುದಿಲ್ಲ. ಅವರ ಬಗೆಗಿನ ಗೌರವದಿಂದಲೇ ಕೇಳುತ್ತಿದ್ದೇನೆ.

೧೯೫೨ರಲ್ಲಿ ಬಿಹಾರದ ರಾಜ್ಯಪಾಲರಾದರು. ಹೀಗಾಗಿ ೧೯೫೬ರ ನವೆಂಬರ ೧ರಂದು, ಪತ್ರಿಕೆಯ ತಲೆಯ ಮೇಲಿನ ಹೆಸರು ನೆಲದ ಮೇಲೆ ಇಳಿದ ದಿನ, ಅವರ ಹುದ್ದೆ ದೂರದ ಪಟ್ಣಾದಲ್ಲಿತ್ತು. ೧೯೫೭ರಲ್ಲಿ ಅಲ್ಲಿಂದ ಬಿಡುಗಡೆ. ಮುಂದೆ ಗಾಂಧೀ ಸ್ಮಾರಕ ನಿಧಿಯ ಕೆಲಸ, ಗ್ರಂಥಗಳ ಸಂಪಾದನೆ, ಅದೇ ಟ್ರಸ್ಟಿನ ಹೊಣೆ. ೧೯೯೦ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ ೯೫ ವರ್ಷ ವಯಸ್ಸಾಗಿತ್ತು.