ಬೀರುವಿನ ಬೀಗ ತೆಗೆಸಿದ ಗಣಿತದ ಮೇಷ್ಟ್ರು: ಡಾ. ಎಸ್.ಆರ್. ರಂಗನಾಥನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಹಸಿರು ಬಣ್ಣದ ಕಬ್ಬಿಣದ ಬೀರು. ಅದೇ ನಮ್ಮ ಗ್ರಂಥಾಲಯ. ಒಂಬತ್ತನೇ ತರಗತಿಯಲ್ಲಿ ಅದರ ಬೀಗದ ಕೈ ನನ್ನ ಹತ್ತಿರ ಇತ್ತು. ವರ್ಷದ ಕೊನೆಗೆ ಮೇಷ್ಟ್ರು ರಿಜಿಸ್ಟರ್ ಹಿಡಿದು ಎಣಿಸಿದಾಗ ಒಂದು ಪುಸ್ತಕವೂ ಕಡಿಮೆ ಬರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ನನಗೆ ಚಪ್ಪಾಳೆ ಹೊಡೆಸಿದರು. ಮನೆಯಲ್ಲಿ ಅವ್ವನಿಗೂ ಹೇಳಿಕೊಂಡು ಹಿಗ್ಗಿದ್ದೆ.

ಪುಸ್ತಕ ಕಳೆಯದೇ ಇದ್ದದ್ದಕ್ಕೆ ಕಾರಣ ನಾನು ಯಾರಿಗೂ ಕೊಡದೇ ಇದ್ದದ್ದು. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ನಾಳೆ ಬಾ ಎನ್ನುತ್ತಿದ್ದೆ. ನನ್ನ ಬೆಂಚಿನ ಹಿಂದೆ ಕೂರುತ್ತಿದ್ದ ಗೆಳೆಯನೊಬ್ಬ ನಕ್ಷತ್ರಗಳ ಮೇಲಿನ ಒಂದು ಪುಸ್ತಕವನ್ನು ಮೂರು ಸಲವೋ ನಾಲ್ಕು ಸಲವೋ ಕೇಳಿದ. ಅವನ ಕೈ ಯಾವಾಗಲೂ ಮಣ್ಣಾಗಿರುತ್ತದೆ, ಪುಸ್ತಕ ಕೊಳೆಯಾದರೆ ನನ್ನ ತಲೆಗೆ ಬರುತ್ತದೆ ಎಂದು ಕೊಡಲಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಅವನು ಓದು ಬಿಟ್ಟು ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೋದ. ಆ ಪುಸ್ತಕ ಕೊಟ್ಟಿದ್ದರೆ ಅವನು ಓದು ಮುಂದುವರಿಸುತ್ತಿದ್ದ ಎಂದು ನಾನು ಹೇಳಲಾರೆ. ಕೊಡಲಿಲ್ಲ ಎಂಬುದು ಮಾತ್ರ ನಿಜ.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಲಕ್ಷಾಂತರ ವಸ್ತುಗಳನ್ನು ವಿಂಗಡಿಸಿ ಹುಡುಕಲು ಸುಲಭ ಮಾಡುವ ಒಂದು ಪ್ರಾಜೆಕ್ಟ್ ನಮ್ಮ ತಂಡಕ್ಕೆ ಬಂತು. ಆಗ ಹಿರಿಯ ಸಹೋದ್ಯೋಗಿಯೊಬ್ಬರು ರಂಗನಾಥನ್ ಎಂಬ ಹೆಸರು ಹೇಳಿದರು. ಅವರ ಬಗ್ಗೆ ಓದುತ್ತಾ ಹೋದಂತೆ ನನ್ನ ಬೀಗದ ಕೈ ನೆನಪಾಗಿ ನಾಚಿಕೆಯಾಯಿತು. ನಮ್ಮ ಕೊಳ್ಳೇಗಾಲ ಸೀಮೆಗೂ ಅವರಿಗೂ ಒಂದು ನಂಟಿದೆ ಎಂದೂ ಗೊತ್ತಾಯಿತು. ಅದನ್ನು ಗುರುಗಳಿಗೆ, ಊರಿನವರಿಗೆ, ನನ್ನ ಜೊತೆ ಓದಿದವರಿಗೆ ತಿಳಿಸಬೇಕೆಂದು ಈ ಲೇಖನ.

ಶಿಯಾಳಿ ರಾಮಾಮೃತ ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ ತಿಂಗಳಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಇವತ್ತು ಆ ಊರನ್ನು ಶೀರ್ಕಾಳಿ ಎನ್ನುತ್ತಾರೆ. ಆರು ವರ್ಷದ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಮಾತು ತೊದಲುತ್ತಿತ್ತು. ಊರಿನ ಹೈಸ್ಕೂಲಿನಲ್ಲಿ ಓದು ಮುಗಿಸಿ ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿ, 1916ರಲ್ಲಿ ಗಣಿತದಲ್ಲಿ ಎಂ.ಎ. ಮಾಡಿದರು. ಅಲ್ಲಿ ಗಣಿತ ಕಲಿಸಿದ ಪ್ರೊ. ಎಡ್ವರ್ಡ್ ರಾಸ್ ಅವರ ಮೇಲೆ ರಂಗನಾಥನ್ ಅವರಿಗೆ ಕೊನೆಯವರೆಗೂ ಗುರುಭಕ್ತಿ. ಆಮೇಲೆ ಶಿಕ್ಷಕರ ತರಬೇತಿ ಮುಗಿಸಿ, 1917ರಲ್ಲಿ ಗಣಿತ ಕಲಿಸಲು ಮೊದಲು ಬಂದದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಂದ ಕೊಯಮತ್ತೂರಿಗೆ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಪಾಠ ಮಾಡುವುದೆಂದರೆ ಅವರಿಗೆ ಜೀವ.

1923ರಲ್ಲಿ ಮದರಾಸು ವಿಶ್ವವಿದ್ಯಾಲಯ ತನ್ನ ಗ್ರಂಥಾಲಯಕ್ಕೆ ಒಬ್ಬ ಮುಖ್ಯಸ್ಥರು ಬೇಕೆಂದು ಅರ್ಜಿ ಕರೆಯಿತು. ಸಂಬಳ ಕಾಲೇಜಿಗಿಂತ ಚೆನ್ನಾಗಿತ್ತು. ಗೆಳೆಯರ ಒತ್ತಾಯಕ್ಕೆ ರಂಗನಾಥನ್ ಕೂಡ ಅರ್ಜಿ ಹಾಕಿದರು. ಗ್ರಂಥಾಲಯದ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆಯೆಂದರೆ ಸಂದರ್ಶನಕ್ಕೆ ಮುಂಚೆ ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನ, ಅಷ್ಟೇ. ಆದರೂ ಕೆಲಸ ಅವರಿಗೇ ಆಯಿತು. 1924ರ ಜನವರಿಯಲ್ಲಿ ಸೇರಿದರು.

ಸೇರಿದ ಕೆಲವೇ ದಿನಗಳಲ್ಲಿ ಬೇಸರ ಹಿಡಿಯಿತು. ಓದುಗರು ಬರುತ್ತಿರಲಿಲ್ಲ. ದಿನವೆಲ್ಲ ಕಪಾಟುಗಳ ನಡುವೆ ಒಬ್ಬರೇ. ತರಗತಿಯ ಗಲಾಟೆಗೆ ಒಗ್ಗಿದ ಮನುಷ್ಯನಿಗೆ ಅದು ಸೆರೆಮನೆಯಂತಾಯಿತು. ಮತ್ತೆ ಪಾಠದ ಕೆಲಸವೇ ಕೊಡಿ ಎಂದು ಮೇಲಿನವರ ಬಳಿ ಹೋಗಿ ಬೇಡಿಕೊಂಡರು. ಅವರು ಒಂದು ಒಪ್ಪಂದ ಮಾಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬರುವುದು. ಬಂದ ಮೇಲೂ ಮನಸ್ಸಾಗದಿದ್ದರೆ ಗಣಿತದ ಕೆಲಸ ವಾಪಸ್ ಸಿಗುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಿಕ್ಷಣಕ್ಕೆ ಸೇರಿದರು. ಬರ್ವಿಕ್ ಸೇಯರ್ಸ್ ಎಂಬ ಗುರುಗಳು ಅವರಿಗೆ ದಾರಿ ತೋರಿಸಿದರು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಓಡಾಡಿ ನೋಡಿದರು. ಅಲ್ಲಿ ಮಕ್ಕಳೂ ಕೂಲಿಯವರೂ ಹೆಂಗಸರೂ ಗ್ರಂಥಾಲಯಕ್ಕೆ ಬಂದು, ತಾವೇ ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಓದುತ್ತಿದ್ದರು. ಇದು ಗುಮಾಸ್ತನ ಕೆಲಸವಲ್ಲ, ಇದೂ ಒಂದು ಪಾಠ ಹೇಳುವ ಕೆಲಸ ಎಂದು ಆಗ ಅವರಿಗೆ ಹೊಳೆಯಿತು. 1925ರಲ್ಲಿ ಹಡಗಿನಲ್ಲಿ ವಾಪಸ್ ಬರುವಾಗ ಸುಮ್ಮನೆ ಕೂರಲಿಲ್ಲ. ಹಡಗಿನ ಗ್ರಂಥಾಲಯದ ಪುಸ್ತಕಗಳನ್ನೇ ತಮ್ಮ ಹೊಸ ಕ್ರಮದಲ್ಲಿ ಜೋಡಿಸಿ ನೋಡಿದರು. ಗಣಿತದ ಕೆಲಸವನ್ನು ಮತ್ತೆ ಕೇಳಲೇ ಇಲ್ಲ.

ಮುಂದಿನ ಸುಮಾರು ಇಪ್ಪತ್ತು ವರ್ಷ ಮದರಾಸಿನಲ್ಲಿ ಅವರು ದುಡಿದ ರೀತಿ ನಂಬಲು ಕಷ್ಟ. ಒಂದು ದಿನವೂ ರಜೆ ತೆಗೆದುಕೊಳ್ಳಲಿಲ್ಲ ಎನ್ನುತ್ತಾರೆ. ಬೀಗ ಹಾಕಿದ ಕಪಾಟುಗಳನ್ನು ತೆರೆಸಿ, ಓದುಗರು ಒಳಗೆ ಬಂದು ಪುಸ್ತಕ ಮುಟ್ಟಿ ಆರಿಸಿಕೊಳ್ಳುವ ಹಾಗೆ ಮಾಡಿದರು. ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. ಕೆಲವು ಪುಸ್ತಕ ಕಳೆಯಬಹುದು ಎಂಬ ಭಯ ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಓದುಗನೇ ಸಿಗದೆ ಕಪಾಟಿನಲ್ಲಿ ಕೊಳೆಯುವ ಪುಸ್ತಕ ಆಗಲೇ ಕಳೆದುಹೋದ ಪುಸ್ತಕ ಎಂಬುದು ಅವರ ಲೆಕ್ಕಾಚಾರ. 1936ರಲ್ಲಿ ಮರೀನಾ ಕಡಲ ದಂಡೆಯ ಎದುರು ಗ್ರಂಥಾಲಯಕ್ಕೆ ಸ್ವಂತ ಕಟ್ಟಡವೂ ಆಯಿತು.

1928ರಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಗಣಿತದಲ್ಲಿ ನಾಲ್ಕೈದು ಮೂಲ ಸೂತ್ರಗಳಿಂದ ಉಳಿದದ್ದೆಲ್ಲ ಹುಟ್ಟುವ ಹಾಗೆ, ಗ್ರಂಥಾಲಯದ ಕೆಲಸಕ್ಕೂ ಮೂಲ ಸೂತ್ರಗಳು ಇರಲೇಬೇಕು ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಮಾತು ಕೂಡಿಬರುತ್ತಿರಲಿಲ್ಲ. ಒಂದು ಸಂಜೆ ಹಳೆಯ ಗುರು ರಾಸ್ ಅವರು ಬಂದು, ಶಿಷ್ಯನ ಪೇಚಾಟ ಕೇಳಿ, ಒಂದೇ ಮಾತಿನಲ್ಲಿ ಮೊದಲನೆಯ ಸೂತ್ರ ಹೇಳಿ ಹೊರಟುಹೋದರು. ಉಳಿದ ನಾಲ್ಕು ತಾವಾಗಿಯೇ ಬಂದವು. 1931ರಲ್ಲಿ ಅದು ಪುಸ್ತಕವಾಯಿತು. ಇವತ್ತು ಲೋಕದ ಎಲ್ಲ ಕಡೆ ಗ್ರಂಥಾಲಯ ವಿಜ್ಞಾನ ಓದುವವರು ಆ ಪಂಚಸೂತ್ರಗಳಿಂದಲೇ ಓದು ಶುರು ಮಾಡುತ್ತಾರೆ. ಅವುಗಳ ಸಾರ ನನ್ನ ಮಾತಿನಲ್ಲಿ ಇಷ್ಟು: ಪುಸ್ತಕ ಇರುವುದು ಕಾಯುವುದಕ್ಕಲ್ಲ, ಓದುವುದಕ್ಕೆ. ಕೇಳಿ ಬಂದವನು ಯಾರೇ ಆಗಲಿ, ಅವನಿಗೆ ತಕ್ಕ ಪುಸ್ತಕ ಸಿಗಬೇಕು. ಪುಸ್ತಕಕ್ಕೂ ತನಗೆ ತಕ್ಕ ಓದುಗ ಸಿಗಬೇಕು. ಓದುಗನನ್ನು ಸುಮ್ಮನೆ ಕಾಯಿಸಬಾರದು. ಗ್ರಂಥಾಲಯ ಒಂದು ಮರದ ಹಾಗೆ, ಬೆಳೆಯುತ್ತಲೇ ಇರಬೇಕು. ನಾಳೆ ಬಾ ಎಂದು ಗೆಳೆಯನನ್ನು ಕಳಿಸುತ್ತಿದ್ದ ನಾನು ಒಂದೇ ಏಟಿಗೆ ಮೊದಲ ನಾಲ್ಕನ್ನೂ ಮುರಿದಿದ್ದೆ.

ಅವರ ಎರಡನೆಯ ದೊಡ್ಡ ಕೆಲಸ ಪುಸ್ತಕಗಳ ವರ್ಗೀಕರಣ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ಪದ್ಧತಿಯಲ್ಲಿ ವಿಷಯಗಳಿಗೆ ಮೊದಲೇ ನಂಬರು ಗೊತ್ತುಮಾಡಿ ಪಟ್ಟಿ ಮಾಡಿರುತ್ತಾರೆ. ವಿಜ್ಞಾನ ದಿನದಿನಕ್ಕೆ ಬೆಳೆಯುತ್ತದೆ. ಹೊಸ ವಿಷಯ ಬಂದರೆ ಅದಕ್ಕೆ ಜಾಗ ಹುಡುಕಬೇಕು. ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಮಕ್ಕಳ ಮೆಕ್ಯಾನೋ ಆಟಿಕೆ ನೋಡಿದರು. ಕೆಲವೇ ಪಟ್ಟಿ, ನಟ್ಟು, ಬೋಲ್ಟುಗಳಿಂದ ಬೇಕಾದ ಆಟಿಕೆ ಕಟ್ಟಬಹುದು. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಿದರೆ ಹೇಗೆ ಎಂದು ಹೊಳೆಯಿತು. ಆ ಭಾಗಗಳನ್ನು ಸೇರಿಸಲು ಕೋಲನ್ ಎಂಬ ಎರಡು ಚುಕ್ಕೆಯ ಗುರುತನ್ನು ಬಳಸಿದರು. 1933ರಲ್ಲಿ ಹೊರಬಂದ ಆ ಪದ್ಧತಿಗೆ ಕೋಲನ್ ವರ್ಗೀಕರಣ ಎಂದೇ ಹೆಸರು.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಕೊಳ್ಳೇಗಾಲದ ಕಡೆ 1950ರ ದಶಕದಲ್ಲಿ ರೇಷ್ಮೆ ಹುಳುವಿಗೆ ಬಂದ ರೋಗ ಹೇಗೆ ತಡೆದರು ಎಂದು ಒಂದು ಪುಸ್ತಕ ಇದೆ ಎಂದುಕೊಳ್ಳಿ. ಯಾವುದರ ಬಗ್ಗೆ? ರೇಷ್ಮೆ ಹುಳು. ಅದರಲ್ಲಿ ಏನು? ರೋಗ. ಏನು ಮಾಡಿದರು? ತಡೆದರು. ಎಲ್ಲಿ? ಕೊಳ್ಳೇಗಾಲ. ಯಾವಾಗ? 1950ರ ದಶಕ. ಒಂದೊಂದಕ್ಕೂ ಒಂದೊಂದು ಗುರುತು. ಸೇರಿಸಿದರೆ ಪುಸ್ತಕದ ನಂಬರು. ಇವತ್ತು ಮೊಬೈಲಿನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ನೂಲು ಎಂದು ಒಂದೊಂದಾಗಿ ಆರಿಸುತ್ತಾ ಹೋಗುತ್ತೀರಲ್ಲ, ಅದರ ಹಿಂದಿರುವುದೂ ಇದೇ ಬಗೆಯ ಯೋಚನೆ. ನನ್ನ ಪ್ರಾಜೆಕ್ಟಿನಲ್ಲಿ ನಾನು ಮಾಡುತ್ತಿದ್ದದ್ದೂ ಅದೇ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಾಗದ ಪೆನ್ಸಿಲಿನಲ್ಲಿ ಅವರು ಅದನ್ನು ಮಾಡಿಟ್ಟಿದ್ದರು.

1945ರಲ್ಲಿ ಮದರಾಸು ಬಿಟ್ಟು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಒಬ್ಬರೇ ವರ್ಗೀಕರಿಸಿದರು. 1947ರಿಂದ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ. ಈ ನಡುವೆ ಅವರ ಬಹಳ ದಿನದ ಹೋರಾಟ ಒಂದು ಫಲಕ್ಕೆ ಬಂತು. ಹಳ್ಳಿಯವರಿಗೂ ಪುಸ್ತಕ ಸಿಗಬೇಕಾದರೆ ದಾನಿಗಳ ದಯೆ ಸಾಲದು, ಕಾನೂನು ಬೇಕು ಎಂದು ಅವರು ಹೇಳುತ್ತಲೇ ಬಂದಿದ್ದರು. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಯಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾನೂನು ಅದು. ಆಗಿನ ಶಿಕ್ಷಣ ಮಂತ್ರಿ ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಕೊಯಮತ್ತೂರು ಜಿಲ್ಲೆಯವರು.

ನಮ್ಮ ನಂಟು ಇಲ್ಲಿದೆ. ಹಿರಿಯರಿಗೆಲ್ಲ ಗೊತ್ತಿರುವ ಹಾಗೆ, 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಹಾಗಾಗಿ ರಂಗನಾಥನ್ ಅವರ ಕಾಯ್ದೆ ಕೊಳ್ಳೇಗಾಲಕ್ಕೂ ಹನೂರಿಗೂ ಅನ್ವಯಿಸುತ್ತಿತ್ತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಿನ ಊರು, ಮೈಸೂರು ರಾಜ್ಯದ್ದು. ಅಲ್ಲಿಗೆ ಆ ಕಾನೂನು ಇರಲಿಲ್ಲ. ಒಂದೇ ಮಾತು, ಒಂದೇ ಜಾತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧ. ಪುಸ್ತಕದ ಹಕ್ಕಿನಲ್ಲಿ ಮಾತ್ರ ನಡುವೆ ಗಡಿ. ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆದದ್ದು 1965ರಲ್ಲಿ. ಆಗ ಯಳಂದೂರಿಗೂ ಆ ಹಕ್ಕು ಬಂತು. ಈ ಕಾಯ್ದೆಯ ಹಿಂದೆಯೂ ರಂಗನಾಥನ್ ಅವರ ಸಲಹೆ ಇತ್ತು. ಮನೆ ಕಂದಾಯ ಕಟ್ಟುವಾಗ ರಸೀದಿಯಲ್ಲಿ ಗ್ರಂಥಾಲಯ ಕರ ಎಂದು ಇರುತ್ತದೆ, ನೋಡಿ. ಪುಸ್ತಕಕ್ಕೆ ನಾವೆಲ್ಲ ಕೊಡುವ ಕಾಸು ಅದು.

ಅಷ್ಟು ಹೊತ್ತಿಗೆ ಅವರು ಬೆಂಗಳೂರಿನವರೇ ಆಗಿದ್ದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು. ವಿಜ್ಞಾನಿಗಳಿಗೆ ಬೇಕಾದದ್ದು ದಪ್ಪ ಪುಸ್ತಕಗಳಿಗಿಂತ ಹೆಚ್ಚಾಗಿ ಆಗತಾನೇ ಪತ್ರಿಕೆಗಳಲ್ಲಿ ಬಂದ ಸಣ್ಣ ಸಣ್ಣ ಲೇಖನಗಳು. ಅವನ್ನು ಹುಡುಕಿ, ವಿಂಗಡಿಸಿ, ತಕ್ಕ ವಿಜ್ಞಾನಿಯ ಕೈಗೆ ಹೊತ್ತಿಗೆ ಸರಿಯಾಗಿ ತಲುಪಿಸುವವರನ್ನು ಆ ಕೇಂದ್ರ ತಯಾರು ಮಾಡುತ್ತದೆ. ಈಗ ಅದು ಮೈಸೂರು ರಸ್ತೆಯಲ್ಲಿ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಇದೆ. ಒಳಗೆ ಏನಿದೆ ಎಂದು ತಿಳಿಯದೆ ಎಷ್ಟೋ ಸಲ ನಾನು ಅದರ ಮುಂದೆಯೇ ಬಸ್ಸಿನಲ್ಲಿ ಹೋಗಿದ್ದೇನೆ.

1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವ ಬಂದವು. ದುಡಿದು ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಹೆಂಡತಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆಂದು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ನೆನಪಿಗೆ ಪ್ರತಿ ವರ್ಷ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ದೇಶದಲ್ಲೆಲ್ಲ ಆಚರಿಸುತ್ತಾರೆ.

ಗುರುಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ಅರಿಕೆ. ಮಹೋತ್ಸವದ ನೆನಪಿಗೆ ನಮ್ಮ ಬ್ಯಾಚಿನವರು ಶಾಲೆಗೆ ಪುಸ್ತಕ ಕೊಡಬೇಕೆಂದು ಹಣ ಕೂಡಿಸಿದ್ದೇವೆ. ಹೊಸದಾಗಿ ಗಾಜಿನ ಬೀರು ಕೂಡ ಕೊಡೋಣ ಎಂದು ಕೆಲವರು ಹೇಳಿದರು. ಬೀರು ಬೇಡ, ತೆರೆದ ಹಲಗೆಗಳು ಸಾಕು ಎಂದು ನಾನು ಕೇಳಿಕೊಂಡಿದ್ದೇನೆ. ವಾರಕ್ಕೊಂದು ಪೀರಿಯಡ್ ಮಕ್ಕಳು ತಾವೇ ಪುಸ್ತಕ ಆರಿಸಿಕೊಳ್ಳಲಿ, ಮನೆಗೂ ತೆಗೆದುಕೊಂಡು ಹೋಗಲಿ. ವರ್ಷಕ್ಕೆ ಹತ್ತು ಪುಸ್ತಕ ಕಳೆದರೆ, ಆ ಹತ್ತನ್ನು ತಂದುಕೊಡುವ ಭಾರ ನನ್ನದು.

ತಿರುಪ್ಪೂರಿನ ಗೆಳೆಯ ಸಮಾರಂಭಕ್ಕೆ ಬರುತ್ತೇನೆಂದು ಹೇಳಿದ್ದಾನೆ. ಅವನ ಮಗಳು ಈಗ ನಮ್ಮ ಶಾಲೆಯಲ್ಲಿ ಎಂಟನೇ ತರಗತಿ. ಕೊಳ್ಳುವ ಪುಸ್ತಕಗಳ ಪಟ್ಟಿಯಲ್ಲಿ ನಕ್ಷತ್ರಗಳ ಮೇಲಿನ ಪುಸ್ತಕವನ್ನು ಮೊದಲನೆಯದಾಗಿ ಬರೆದಿದ್ದೇನೆ.