ಮಾಯದ ಹುಣ್ಣಿನ ಯಾಜಕ

ಜುಲೈ 14 ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಸ್ಮರಣೆಯ ದಿನ. ಜಯನಗರ, ಬನಶಂಕರಿಯ ಆಸ್ಪತ್ರೆಗಳಲ್ಲಿ ಬಂಧುಗಳ ಹಾಸಿಗೆಯ ಬಳಿ ಕುಳಿತು ನಾವು ರೋಗಿಗಳ ಈ ಪಾಲಕ ಸಂತರನ್ನು ಪ್ರಾರ್ಥಿಸುವುದುಂಟು; ಅವರೂ ಬಾಳಿನುದ್ದಕ್ಕೂ ರೋಗಿಯೇ ಆಗಿದ್ದರೆಂಬುದನ್ನು ಮರೆಯುತ್ತೇವೆ.

1550ರಲ್ಲಿ ಇಟಲಿಯ ಬುಕ್ಕಿಯಾನಿಕೊದಲ್ಲಿ ಜನಿಸಿದ ಅವರು ತಾರುಣ್ಯದಲ್ಲಿ ಸೈನಿಕರು, ಜೂಜುಕೋರರು. ಆಗ ಕಾಲಿನಲ್ಲಾದ ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ಚಿಕಿತ್ಸೆಗೆಂದು ಸೇರಿದ ರೋಮಿನ ಸಂತ ಯಾಕೋಬರ ಆಸ್ಪತ್ರೆಯವರು ಜೂಜಿನ ಚಟಕ್ಕೆ ಬೇಸತ್ತು ಅವರನ್ನು ಹೊರಹಾಕಿದರು. 1575ರಲ್ಲಿ ಮನಪರಿವರ್ತನೆ ಹೊಂದಿ ಕಪುಚಿನ್ ಮಠ ಸೇರಿದರೆ, ಹುಣ್ಣಿನ ದೆಸೆಯಿಂದ ಅಲ್ಲಿಯೂ ನಿಲ್ಲಲಾಗಲಿಲ್ಲ. ಮತ್ತೆ ಅದೇ ಆಸ್ಪತ್ರೆಗೆ ಬಂದರು, ಈ ಸಲ ಸೇವಕರಾಗಿ. ಕೂಲಿಯಾಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು, ದೇವಪ್ರೀತಿಗಾಗಿಯೇ ಶುಶ್ರೂಷೆ ಮಾಡುವವರ ಕೂಟವೊಂದನ್ನು ಕಟ್ಟಿದರು.

1584ರಲ್ಲಿ ಅವರಿಗೆ ಯಾಜಕದೀಕ್ಷೆಯಾಯಿತು. 1591ರಲ್ಲಿ ಧಾರ್ಮಿಕ ಸಭೆಯಾದ ಆ ಕೂಟದವರು, ಪ್ರಾಣಾಪಾಯವಿದ್ದರೂ ರೋಗಿಗಳ ಸೇವೆ ಬಿಡೆವೆಂಬ ನಾಲ್ಕನೆಯ ವ್ರತವನ್ನು ಕೈಗೊಂಡರು. ನಮ್ಮ ನಗರದ ಸರ್ಜಾಪುರ ರಸ್ತೆಯಲ್ಲಿ ಎಚ್‌ಐವಿ ಪೀಡಿತರಿಗಾಗಿ ಸ್ನೇಹದಾನವನ್ನು ಕಟ್ಟಿದವರೂ ಇದೇ ಸಭೆಯವರು.

1614ರಲ್ಲಿ ನಿಧನರಾಗುವ ಮುನ್ನ ಕಮಿಲ್ಲಸರಿಗೆ ನಡೆಯುವ ಶಕ್ತಿಯೂ ಉಡುಗಿತ್ತು. ಆಗಲೂ ಹಾಸಿಗೆಯಿಂದೆದ್ದು, ತೆವಳುತ್ತಲೇ ಇತರ ರೋಗಿಗಳ ಬಳಿಗೆ ಹೋಗಿ ಅವರ ಕ್ಷೇಮ ವಿಚಾರಿಸುತ್ತಿದ್ದರು.